ವಾರ್ತೆ ಕೇಳದೆ ಹಾಲು ಕೊಡದ ಎಮ್ಮೆ

ನಮ್ಮ ಚಿಗವ್ವ ಫೋನ್ ಮಾಡುವುದು ಎರಡೇ ಕಾರಣಕ್ಕೆ. ಯಾರಾದರೂ ಸತ್ತಿರಬೇಕು, ಇಲ್ಲವೇ ಯಾರದಾದರೂ ಲಗ್ನ ಗೊತ್ತಾಗಿರಬೇಕು. ಹಾಗಾಗಿ ಆ ದಿನ ಬೆಳಿಗ್ಗೆ ಏಳಕ್ಕೇ ಅವಳ ಫೋನು ಬಂದಾಗ ನಾನು ಹಲ್ಲುಜ್ಜುವುದನ್ನು ಅಷ್ಟಕ್ಕೇ ಬಿಟ್ಟು ಮೊದಲು ಕುರ್ಚಿ ಹಿಡಿದು ಕುಳಿತೆ.

"ಹೋತಬೇ," ಎಂದಳು.

"ಯಾರ ಹೋದ್ರು ಚಿಗವ್ವಾ?"

"ರೇಡಿಯೋ! ಹಿಂಡಿ ಬುಟ್ಟ್ಯಾಗ ಬಿದ್ದು ಹೋತು. ಮೂರ ದಿನ ಆತು, ಎಮ್ಮಿ ಹಾಲ ಕೊಡವಲ್ದು."

ರೇಡಿಯೋ ಕೆಟ್ಟರೆ ಎಮ್ಮೆ ಯಾಕೆ ಹಾಲು ಕೊಡುವುದಿಲ್ಲ ಎಂದು ಬೇರೆ ಯಾರಾದರೂ ಕೇಳಿಯಾರು. ನಮ್ಮ ಮನೆತನದಲ್ಲಿ ಅದನ್ನು ಯಾರೂ ಕೇಳುವುದಿಲ್ಲ.

ಚಿಗವ್ವ ಎಂದರೆ ನನ್ನ ಅವ್ವನ ತಂಗಿ. ಅವಳನ್ನು ದೊಡವಾಡಕ್ಕೆ ಕೊಟ್ಟಿದ್ದರು. ಅವಳ ಗಂಡ, ನಮ್ಮ ಕಾಕಾ, ಸುತ್ತಲಿನ ಹಳ್ಳಿಗಳಿಗೆ ಮೂವತ್ತು ವರ್ಷ ಟಪಾಲು ಹಂಚಿ ನಿವೃತ್ತನಾದವನು. ಬೆಳಗಿನ ವಾರ್ತೆ ಕೇಳದೆ ಅವನ ಹೊಟ್ಟೆಗೆ ಚಹಾ ಇಳಿಯುವುದಿಲ್ಲ. ಆ ಹೊತ್ತಿಗೆ ಚಿಗವ್ವ ಹಿಂಡಲು ಕೂತಿರುತ್ತಾಳೆ. ಕೇಳಿದ ಸುದ್ದಿಯನ್ನು ಯಾರಿಗಾದರೂ ಬಿಡಿಸಿ ಹೇಳದಿದ್ದರೆ ಕಾಕಾನಿಗೆ ಸಮಾಧಾನವಿಲ್ಲ. ಆದ್ದರಿಂದ ರೇಡಿಯೋವನ್ನು ಕೊಟ್ಟಿಗೆಯ ಕಂಬದ ಗೂಟಕ್ಕೇ ನೇತುಹಾಕಿದ್ದ. ಆದರೆ ಚಿಗವ್ವ ಸುದ್ದಿಗೆಲ್ಲ ಕಿವಿಗೊಡುವವಳಲ್ಲ. ಉಳಿದವಳು ಎಮ್ಮೆ. "ನೋಡಿದಿ? ಮತ್ತ ಪೆಟ್ರೋಲ್ ಏರಿಸಿದ್ರು," ಎಂದು ಕಾಕಾ ಅದಕ್ಕೆ ಹೇಳುತ್ತಿದ್ದ. ಎಮ್ಮೆ ಮೆಲುಕು ಹಾಕುತ್ತ ಅವನನ್ನೇ ನೋಡುತ್ತಿತ್ತು. ಬೆಳಿಗ್ಗೆ ವಾರ್ತೆ, ಸಂಜೆ ರೈತರ ಕಾರ್ಯಕ್ರಮ. ಮೊದಲ ಕರು ಹಾಕಿದ ದಿನದಿಂದ ಇದೇ ರೂಢಿ. ಒಮ್ಮೆ ಸೆಲ್ ಮುಗಿದು ರೇಡಿಯೋ ಸುಮ್ಮನಾದಾಗ ಎಮ್ಮೆಯೂ ಹಾಲು ಬಿಗಿಹಿಡಿದು ನಿಂತಿತು. ಅಂದಿನಿಂದ ಕಾಕಾ ಬಸ್ ನಿಲ್ದಾಣದಲ್ಲಿ ಸಿಕ್ಕಸಿಕ್ಕವರಿಗೆಲ್ಲ ಹೇಳಿಕೊಂಡು ಬಂದ: "ನಮ್ಮ ಎಮ್ಮಿ ಅಂದ್ರ ಅಂತಿಂಥಾದ್ದಲ್ಲ. ವಾರ್ತಿ ಕೇಳದ ಹಾಲ ಕೊಡೂದಿಲ್ಲ."

ಅಂಥ ರೇಡಿಯೋ ಗೂಟದಿಂದ ಜಾರಿ, ನೆನೆಹಾಕಿದ ಹಿಂಡಿಯ ಬುಟ್ಟಿಗೆ ಬಿದ್ದಿತ್ತು. ಬಿದ್ದದ್ದು ಯಾರಿಗೂ ಗೊತ್ತಾಗಲಿಲ್ಲ. ಎಮ್ಮೆ ಹಿಂಡಿಯನ್ನು ನೆಕ್ಕಿ ಮುಗಿಸಿ ರೇಡಿಯೋವನ್ನೂ ನೆಕ್ಕತೊಡಗಿದಾಗಲೇ ಚಿಗವ್ವ ನೋಡಿದ್ದು.

ನಾನಿರುವುದು ಬೈಲಹೊಂಗಲದಲ್ಲಿ. ಹೆಣ್ಣುಮಕ್ಕಳಿಗೆ ಹೊಲಿಗೆ ಕಲಿಸುತ್ತೇನೆ. ಮಧ್ಯಾಹ್ನದ ಹೊತ್ತಿಗೆ ಕಾಕಾ ರೇಡಿಯೋವನ್ನು ಟವೆಲ್ಲಿನಲ್ಲಿ ಸುತ್ತಿ, ಆಸ್ಪತ್ರೆಗೆ ಕೂಸನ್ನು ತಂದಂತೆ ಎದೆಗವಚಿಕೊಂಡು ನನ್ನ ಕ್ಲಾಸಿನ ಬಾಗಿಲಿಗೆ ಬಂದ. ಇಬ್ಬರೂ ಪೇಟೆಯ ಹಳೆಯ ರಿಪೇರಿಯವರ ಹತ್ತಿರ ಹೋದೆವು. ಒಂದು ಕಾಲಕ್ಕೆ ಸುತ್ತಲಿನ ಊರಿನ ರೇಡಿಯೋಗಳೆಲ್ಲ ಅವರ ಕೈಯಲ್ಲೇ ಉಸಿರಾಡಿದವು. ಈಗ ಮೊಬೈಲಿಗೆ ಗಾಜು ಕೂರಿಸುತ್ತಾರೆ. ಅವರು ಕನ್ನಡಕ ಏರಿಸಿ, ಹಿಂದಿನ ಮುಚ್ಚಳ ತೆಗೆದು, ಚಿಮಟಿಗೆಯಿಂದ ಒಂದು ಚೂರು ಹತ್ತಿಕಾಳು ಎತ್ತಿ ಬೆಳಕಿಗೆ ಹಿಡಿದರು.

"ಅಣ್ಣಾರ, ಇದು ರೇಡಿಯೋ ಅಲ್ರಿ," ಎಂದರು. "ಇದು ಹಿಂಡಿ ಡಬ್ಬಿ."

"ರಿಪೇರಿ ಆಗೂದಿಲ್ಲೇನ್ರಿ?"

"ಇದರ ಸಾಮಾನ ಬರೂದ ಬಂದ ಆಗೈತಿ. ಹೊಸಾದು ತಗೊಂಡ ಹೋಗ್ರಿ. ಇದನ್ನ ಎಮ್ಮಿಗೇ ಕೊಟ್ಟಬಿಡ್ರಿ, ಹೆಂಗೂ ಅರ್ಧಾ ತಿಂದೈತಿ."

ಅವರಲ್ಲೇ ಒಂದು ಹೊಸ ರೇಡಿಯೋ ತೆಗೆದುಕೊಂಡೆವು. ಕೆಂಪು ಬಣ್ಣದ್ದು. ಮಾತು ಎಷ್ಟು ಸ್ವಚ್ಛವಾಗಿ ಕೇಳುತ್ತಿತ್ತೆಂದರೆ, ವಾರ್ತೆ ಓದುವವರು ಉಗುಳು ನುಂಗಿದ್ದೂ ಕೇಳುವಂತಿತ್ತು. ಕಾಕಾ ಖುಷಿಯಿಂದ ಬಸ್ಸು ಹತ್ತಿದ.

ಮರುದಿನ ಮತ್ತೆ ಚಿಗವ್ವನ ಫೋನು. "ಹೊಸಾ ರೇಡಿಯೋ ಅದಕ್ಕ ಸೇರವಲ್ದಬೇ. ಕರಾನ ಎಲ್ಲಾ ಕುಡೀತೈತಿ. ನಾ ಕುಂತ್ರ ಮಾತ್ರ ಒದೀತೈತಿ."

ಭಾನುವಾರ ನಾನೇ ಹೋದೆ. ಕರು ಉಂಡುಂಡು ಡೊಳ್ಳಿನಂತಾಗಿತ್ತು, ನಡೆಯುವಾಗ ತೇಗುತ್ತಿತ್ತು. ಚಿಗವ್ವ ಪಕ್ಕದ ಮನೆಯಿಂದ ಹಾಲು ತಂದು ಚಹಾ ಮಾಡಿದ್ದಳು. ಕೊಟ್ಟಿಗೆಯಲ್ಲಿ ಎಮ್ಮೆಯಿದ್ದೂ ಹಾಲು ಕೊಳ್ಳುವ ಅವಮಾನಕ್ಕೆ ಅವಳ ಮುಖ ಬಾತುಕೊಂಡಿತ್ತು.

"ನಿನ್ನ ಮೊಬೈಲಿನ್ಯಾಗ ಜಗತ್ತ ಐತಿ ಅಂತಿ," ಎಂದಳು. "ಒಂದ ರೇಡಿಯೋ ಇಲ್ಲೇನು?"

ಇತ್ತು. ನೆಟ್‌ನಲ್ಲಿ ಅದೇ ವಾರ್ತೆ ಹಚ್ಚಿ ಫೋನನ್ನು ಗೂಟಕ್ಕೆ ಕಟ್ಟಿದೆ. ದನಿ ಪೂರ್ತಿ ಏರಿಸಿದ್ದಕ್ಕೆ ಅದರ ಸ್ಪೀಕರ್ ಕರಕರ ಅನ್ನುತ್ತಿತ್ತು. ಎಮ್ಮೆ ಕಿವಿ ಅಲುಗಿಸಿತು. ಚಿಗವ್ವ ಕೆಚ್ಚಲು ನೇವರಿಸಿದಳು. ಚರ್ರನೆ ಒಂದು ಧಾರೆ, ಮತ್ತೊಂದು ಧಾರೆ. ನಾನು ಗೆದ್ದೆ ಎಂದುಕೊಳ್ಳುವಷ್ಟರಲ್ಲಿ ವಾರ್ತೆ ನಿಂತು, ಜಾಹೀರಾತಿನ ಹೆಣ್ಣುಮಗಳೊಬ್ಬಳು ಭೂಕಂಪವಾದಂತೆ ಕಿರುಚಿದಳು: ಇಂದೇ ಖರೀದಿಸಿ! ಎಮ್ಮೆ ಬಕೀಟಿಗೆ ಕಾಲು ಕೊಟ್ಟಿತು. ಬಕೀಟು ಕಾಕಾನ ಮೊಳಕಾಲಿಗೆ ಬಿತ್ತು.

"ಇದಕ್ಕ ರೀತಿ ಇಲ್ಲ ರಿವಾಜ ಇಲ್ಲ," ಎಂದ ಕಾಕಾ ಮೊಳಕಾಲು ತಿಕ್ಕಿಕೊಳ್ಳುತ್ತ. "ಮಾತಾಡಾವರ ನಡಬರಕ ಬಾಯಿ ಹಾಕತೈತಿ. ರೇಡಿಯೋ ಯಾವತ್ತರ ಹಂಗ ಮಾಡಿತ್ತೇನು?"

ಕೊನೆಗೆ ಅವನೇ ಉಪಾಯ ಹೂಡಿದ. ಹಿಂದಿನ ದಿನದ ಪೇಪರ್ ತಂದು, ಗಂಟಲು ಸರಿಮಾಡಿಕೊಂಡು, ಎಮ್ಮೆಯ ಮುಂದೆ ಸ್ಟೂಲು ಹಾಕಿಕೊಂಡು ಕುಳಿತ. ಥೇಟ್ ವಾರ್ತೆ ಓದುವವರ ಧಾಟಿಯಲ್ಲಿ ಶುರುಮಾಡಿದ. ಮುಖ್ಯಾಂಶಗಳು ಮುಗಿದವು, ರಾಜ್ಯದ ಸುದ್ದಿ ಮುಗಿಯಿತು, ಹವಾಮಾನ ಬಂತು. ಎಮ್ಮೆ ಕಣ್ಣು ಮಿಟುಕಿಸದೆ ಕೇಳಿತು. ಆಮೇಲೆ ಬಾಲ ಎತ್ತಿ ಸಗಣಿ ಹಾಕಿತು.

ನಾನು ನಗು ತಡೆಯಲಾರದೆ ಅದನ್ನು ಫೋನಿನಲ್ಲಿ ಹಿಡಿದುಕೊಂಡಿದ್ದೆ. ಬ್ಲೌಸ್ ಕಟಿಂಗ್ ತೋರಿಸಲೆಂದು ನೆಟ್‌ನಲ್ಲಿ ನನ್ನದೊಂದು ಚಾನೆಲ್ ಇದೆ. ನೋಡುವವರು ಹನ್ನೊಂದು ಮಂದಿ. ಅವರಲ್ಲಿ ನಾಲ್ವರು ನಮ್ಮ ಮನೆಯವರೇ. "ಕಾಕಾ, ಇದನ್ನ ಅದರಾಗ ಹಾಕಿ ಕೇಳೋಣು. ಯಾರಿಗರ ಗೊತ್ತಿದ್ರ ಹೇಳ್ತಾರ," ಎಂದೆ.

ಕಾಕಾ ಪೇಪರ್ ಮಡಿಚಿದ. "ಯಾರ ಅಡ್ರೆಸ್ಸಿಗೆ ಹಾಕ್ತಿ?"

"ಯಾರ ಅಡ್ರೆಸ್ಸಿಗೂ ಅಲ್ಲ. ಎಲ್ಲಾರಿಗೂ."

"ಎಲ್ಲಾರಿಗೂ ಅಂದ್ರ? ತಂಗಿ, ನಾ ಮೂವತ್ತ ವರ್ಷದಾಗ ಅಡ್ರೆಸ್ ಇಲ್ಲದ ಒಂದ ಕಾಗದಾನೂ ಮುಟ್ಟಿಸಿಲ್ಲ."

ಅವನ ಅನುಮಾನಕ್ಕೆ ಕಾರಣವಿತ್ತು. ಟಪಾಲಿನ ಕಾಲದಲ್ಲಿ ಅವನಿಗೆ ಪತ್ರ ಬರೆದವರೂ ಗೊತ್ತು, ಪಡೆದವರೂ ಗೊತ್ತು. ಓದಲು ಬಾರದವರಿಗೆ ತಾನೇ ಓದಿ ಹೇಳಿ, ಉತ್ತರವನ್ನೂ ಬರೆದುಕೊಟ್ಟು, ಮನೆಯ ಮಂದಿ ಜಗಳಾಡಿದರೆ ಅದನ್ನೂ ಬಿಡಿಸಿ ಬರುತ್ತಿದ್ದ. ತಾರು, ಅಂದರೆ ತಂತಿ, ಒಯ್ದರೆ ಮಾತ್ರ ಕಷ್ಟ; ತಾರು ಬಂತೆಂದರೆ ಸಾವಿನ ಸುದ್ದಿಯೇ ಎಂದು ಜನ ನಂಬಿದ್ದರು. ಒಮ್ಮೆ ಹೂಲಿಯ ಕಡೆಯ ಮನೆಯೊಂದರಲ್ಲಿ ಇವನ ಕೈಯಲ್ಲಿ ತಾರು ಕಂಡದ್ದೇ ತಡ, ಹೆಂಗಸರು ಬಾಯಿ ಬಡಿದುಕೊಂಡು ಅಳಲಾರಂಭಿಸಿದರಂತೆ. ಅದರಲ್ಲಿ ಇದ್ದದ್ದು "ಸೋಮವಾರ ಬರುತ್ತೇವೆ, ಊಟಕ್ಕಿರುತ್ತೇವೆ" ಎಂದಷ್ಟೇ. ಇವನು ಗಟ್ಟಿಯಾಗಿ ಓದಿದರೂ ಅಳು ನಿಲ್ಲಲಿಲ್ಲ. ಸೇರಿದ ಓಣಿಯವರಿಗೆ ಏನು ಹೇಳುವುದೆಂದು ತೋಚದೆ ಇನ್ನೂ ಅರ್ಧ ತಾಸು ಅತ್ತರಂತೆ.

ಅಂತೂ ವಿಡಿಯೋ ಹಾಕಿದೆ. ಕೆಳಗೆ ಬರೆದೆ: "ನಮ್ಮ ಎಮ್ಮೆ ರೇಡಿಯೋ ಇಲ್ಲದೆ ಹಾಲು ಕೊಡುತ್ತಿಲ್ಲ. ಉಪಾಯ ಗೊತ್ತಿದ್ದವರು ತಿಳಿಸಿ."

ಮರುದಿನ ಕ್ಲಾಸಿನಲ್ಲಿ ತೋಳಿನ ಕಟಿಂಗ್ ಹೇಳಿಕೊಡುತ್ತಿದ್ದಾಗ ಫೋನು ಮೇಜಿನ ಮೇಲೆ ತಾನಾಗಿಯೇ ನಡೆಯತೊಡಗಿತು. ಹನ್ನೊಂದು ಮಂದಿಯ ಚಾನೆಲ್ಲಿಗೆ ಜಾತ್ರೆಯಷ್ಟು ಜನ ನುಗ್ಗಿದ್ದರು. ನಾನು ಗಾಬರಿಯಾಗಿ ಒಂದು ತೋಳನ್ನು ಉಲ್ಟಾ ಕತ್ತರಿಸಿಬಿಟ್ಟೆ.

ಮುಂದಿನ ಭಾನುವಾರ ದೊಡವಾಡಕ್ಕೆ ಹೋಗಿ ಕಟ್ಟೆಯ ಮೇಲೆ ಕುಳಿತು ಬಂದ ಉತ್ತರಗಳನ್ನೆಲ್ಲ ಓದಿ ಹೇಳಲು ತೊಡಗಿದೆ. ಕಾಕಾ ಒಗೆದು ಮಡಿಚಿಟ್ಟಿದ್ದ ಅಂಗಿ ತೊಟ್ಟು, ನೋಟ್‌ಬುಕ್ಕು ಪೆನ್ನು ಹಿಡಿದು ಕುಳಿತಿದ್ದ. ಟಪಾಲು ಬಂದಿದೆ ಎಂದಮೇಲೆ ಬನಿಯನ್ನಿನಲ್ಲಿ ಕೂರುವ ಜಾಯಮಾನ ಅವನದಲ್ಲ.

ಮೊದಲನೆಯವನು ಬರೆದದ್ದು ಒಂದೇ ಶಬ್ದ: "ಫಸ್ಟ್."

"ಯಾವುದರಾಗ ಫಸ್ಟ್ ಬಂದಾನ?" ಕಾಕಾ ಕೇಳಿದ.

"ಎಲ್ಲಾರಕಿಂತ ಮೊದಲ ಕಮೆಂಟ್ ಹಾಕ್ಯಾನ, ಅದಕ್ಕ."

"ಅಷ್ಟನ? ಇರಲಿ. ಅಭಿನಂದನೆಗಳು ಅಂತ ಬರಿ."

"ಕಾಕಾ, ಇದಕ್ಕೆಲ್ಲಾ ಉತ್ತರ ಬರಿಯೂದಿಲ್ಲ."

"ಉತ್ತರ ಬರಿಯೂದಿಲ್ಲಂದ್ರ? ನಾವೇನ ಮನಷ್ಯಾರ ಅಲ್ಲೇನು?"

ಹಾಗಾಗಿ ಬರೆದೆ. ಒಬ್ಬರು ಎಮ್ಮೆಗೆ ಇಂಗ್ಲಿಷ್ ವಾರ್ತೆ ಹಾಕಿ ನೋಡಿ ಎಂದಿದ್ದರು. ಒಬ್ಬರು ಹಿಂಡಿ ಮಾರುವವರು, ನಮ್ಮ ಹಿಂಡಿ ತಿಂದ ಎಮ್ಮೆ ವಾರ್ತೆಯನ್ನು ತಾನೇ ಓದುತ್ತದೆ ಎಂದಿದ್ದರು. ಇಬ್ಬರು ಅಪರಿಚಿತರು ಎಮ್ಮೆಯನ್ನು ಬಿಟ್ಟು, ಯಾರ ಊರಿನ ಮೊಸರು ಗಟ್ಟಿ ಎಂಬ ವಿಷಯಕ್ಕೆ ತಮ್ಮತಮ್ಮಲ್ಲೇ ಹತ್ತಿಕೊಂಡು, ಮೂವತ್ತು ಸುತ್ತು ಜಗಳಾಡಿ, ಕೊನೆಗೆ ಪರಸ್ಪರರ ಅಕ್ಷರ ತಪ್ಪುಗಳನ್ನು ಎಣಿಸುತ್ತಿದ್ದರು. "ಸಂತ್ಯಾಗ ಹಿಂಗ ಆಗತೈತಿ," ಎಂದಳು ಚಿಗವ್ವ ಮೆಣಸಿನಕಾಯಿ ತೊಟ್ಟು ಮುರಿಯುತ್ತ. "ಬದನಿಕಾಯಿ ತರಾಕ ಹೋಗಿರ್ತೀವಿ, ಯಾರದೋ ಬಡದಾಟ ನೋಡಿ ಬರ್ತೀವಿ."

ಆಮೇಲೆ ಒಂದನ್ನು ಓದಲು ನನಗೆ ಮನಸ್ಸಾಗಲಿಲ್ಲ. ಕಾಕಾ ಬಿಡಲಿಲ್ಲ. ಓದಿದೆ: "ಎಲ್ಲಾ ಫೇಕ್. ಲೈಕ್ ಸಲುವಾಗಿ ಮುದುಕನ್ನ ಎಮ್ಮಿ ಮುಂದ ಕುಂದ್ರಿಸ್ಯಾರ. ಎಮ್ಮಿನೂ ಫೇಕ್ ಇರಬೇಕು."

ಚಿಗವ್ವ ತಲೆ ಎತ್ತದೆ, "ಮುದುಕ ಅಂದಿದ್ದು ಖರೇ ಐತಿ," ಎಂದಳು.

ಕಾಕಾ ನೋಟ್‌ಬುಕ್ಕು ಮುಚ್ಚಿ ಬದಿಗಿಟ್ಟ. ಆಮೇಲೆ ಹೇಳಿ ಬರೆಸಿದ. ನಾನು ಬೆರಳಿನಲ್ಲಿ ಕುಟ್ಟಿದೆ: "ತೀರ್ಥರೂಪ ಸಮಾನರಾದ ತಮಗೆ ದೊಡವಾಡದಿಂದ ಅನಂತ ನಮಸ್ಕಾರಗಳು. ಇತ್ತಲಾಗಿ ನಾವೆಲ್ಲರೂ ಕ್ಷೇಮ. ಎಮ್ಮೆಯೂ ಕ್ಷೇಮ, ಆದರೆ ಹಾಲು ಕೊಡುತ್ತಿಲ್ಲ. ಎಮ್ಮೆ ಸುಳ್ಳು ಎಂದು ತಾವು ಬರೆದ ಪತ್ರ ಮುಟ್ಟಿ ವಿಷಯ ತಿಳಿಯಿತು. ಎಮ್ಮೆ ಖರೇ ಇರುತ್ತದೆ. ತಾವು ಸಹಕುಟುಂಬ ಬಂದು ನೋಡಿಕೊಂಡು, ಊಟ ಮಾಡಿಕೊಂಡು ಹೋಗಬೇಕು. ಮನೆಯಲ್ಲಿ ಹಿರಿಯರಿಗೆ ನಮಸ್ಕಾರ, ಕಿರಿಯರಿಗೆ ಆಶೀರ್ವಾದ. ತಮ್ಮ ಕ್ಷೇಮಕ್ಕೆ ಬರೆಯುತ್ತಿರಬೇಕು."

ಅಂಥವನಿಗೆ ಇಷ್ಟು ಉದ್ದ ಬರೆದೆನಲ್ಲಾ ಎಂದು ನನಗೆ ಹೊಟ್ಟೆ ಉರಿಯಿತು. ಆದರೆ ಇನ್ನೂ ಅರ್ಧ ಗಂಟೆಯಾಗಿರಲಿಲ್ಲ, ಅವನ ಉತ್ತರ ಬಂತು: "ಕಾಕಾ ತಪ್ಪಾತ್ರಿ. ನಾವೂ ಕ್ಷೇಮ." ಅದರ ಕೆಳಗೆ ಇನ್ನೊಬ್ಬರು ತಮ್ಮ ಮನೆಯ ಕ್ಷೇಮ ಬರೆದರು. ಮೊಸರಿನ ಜಗಳಗಂಟರಲ್ಲಿ ಒಬ್ಬರು, "ನಿಮ್ಮಲ್ಲಿ ಮಳೆ ಹೇಗಿದೆ?" ಎಂದು ಇನ್ನೊಬ್ಬರನ್ನು ಕೇಳಿದರು. ಸಂಜೆಯ ಹೊತ್ತಿಗೆ ನನ್ನ ಬ್ಲೌಸ್ ಚಾನೆಲ್ಲಿನ ತುಂಬ ಯಾರ್ಯಾರೋ ಯಾರ್ಯಾರಿಗೋ ಹಿರಿಯರಿಗೆ ನಮಸ್ಕಾರ, ಕಿರಿಯರಿಗೆ ಆಶೀರ್ವಾದ ಹೇಳುತ್ತಿದ್ದರು. ಕಾಕಾ ಪೆನ್ನು ಜೇಬಿಗೆ ಸಿಕ್ಕಿಸಿ, "ಇದು ಟಪಾಲ," ಎಂದ.

ಎಮ್ಮೆಯ ಉಪಾಯ ಮಾತ್ರ ಇನ್ನೂ ಸಿಕ್ಕಿರಲಿಲ್ಲ. ಅದು ಬಂದದ್ದು ಮರುವಾರ. ಬರೆದವರ ಹೆಸರಿನ ಜಾಗದಲ್ಲಿ ಬರೀ ಅಂಕಿಗಳಿದ್ದವು. ಚಿತ್ರದ ಜಾಗದಲ್ಲಿ ಒಂದು ಪಾತ್ರೆಯ ಫೋಟೋ. ಅವರು ಕೇಳಿದ್ದರು: "ಹಳೆಯ ರೇಡಿಯೋದಲ್ಲಿ ಸ್ಟೇಷನ್ ಸರಿಯಾಗಿ ಹಿಡಿಯುತ್ತಿತ್ತೇ? ಅಥವಾ ಕರಕರ ಸದ್ದು ಬರುತ್ತಿತ್ತೇ?"

ನಾನು ಫೋನಿನಲ್ಲಿ ಚಿಗವ್ವನಿಗೆ ಇದನ್ನು ಹೇಳಿದೆ. ಅವಳು, "ಕರಕರಾನ ಭಾಳ ಇತ್ತು, ಸುದ್ದಿ ಕಡಿಮಿ. ಅವರೊಂದ ಶಬ್ದ, ಇದೊಂದ ಚರ್ ಅನ್ನೂದು," ಎಂದಳು. ಅದನ್ನು ಹಾಗೇ ಬರೆದು ಕಳಿಸಿದೆ. ಉತ್ತರ ಬಂತು: "ಹಾಗಾದರೆ ಎಮ್ಮೆ ಕೇಳುತ್ತಿದ್ದದ್ದು ಆ ಕರಕರವನ್ನು. ನಮ್ಮ ಮಗು ಮಿಕ್ಸರ್ ಹಚ್ಚದೆ ಮಲಗುವುದಿಲ್ಲ. ಹೊಸ ರೇಡಿಯೋದಲ್ಲಿ ಕರಕರ ಇಲ್ಲವಲ್ಲ."

ಕಾಕಾನಿಗೆ ಇದನ್ನು ಹೇಗೆ ಹೇಳುವುದೆಂದು ನಾನೂ ಚಿಗವ್ವನೂ ಗುಟ್ಟಾಗಿ ಮಾತಾಡಿಕೊಂಡೆವು. ಇಡೀ ದೊಡವಾಡದಲ್ಲಿ ಅಷ್ಟು ತಿಳಿದುಕೊಂಡ ಎಮ್ಮೆ ಇನ್ನೊಂದಿಲ್ಲ ಎಂದು ಅವನು ಬಲವಾಗಿ ನಂಬಿದ್ದ. ಭಾನುವಾರ ನಾನೇ ಹೇಳಿದೆ. ಕಾಕಾ ಎಮ್ಮೆಯ ಕಡೆ ತಿರುಗಿ ನೋಡಿದ. ಎಮ್ಮೆಯೂ ನೋಡಿತು.

"ಹಂಗಾದ್ರ," ಎಂದ ಕಾಕಾ, "ಇಷ್ಟ ದಿನ ನಾ ಹೇಳಿದ್ದು?"

ಚಿಗವ್ವನಿಗೆ ಪಾಪ ಎನಿಸಿರಬೇಕು. "ನಡುನಡುವ ಕೇಳಿರತೈತಿ ಬಿಡ್ರಿ," ಎಂದಳು.

ಈಗ ಕರಕರ ಎಲ್ಲಿಂದ ತರುವುದು? ನೆಟ್‌ನಲ್ಲಿ ಹುಡುಕಿದರೆ ಹತ್ತು ತಾಸು ಬರೀ ಕರಕರ ಅನ್ನುವ ಆಡಿಯೋ ಸಿಕ್ಕಿತು. ಅದನ್ನು ಕೇಳುತ್ತ ಮಲಗುವ ಜನ ಇದ್ದಾರಂತೆ. ಆದರೆ ಅದರ ನಡುವೆಯೂ ಜಾಹೀರಾತಿನವಳು ಬಂದು ಕಿರುಚಿದಳು. ಎರಡನೆಯ ಬಕೀಟಿಗೂ ತಗ್ಗು ಬಿತ್ತು. ಆಗ ಚಿಗವ್ವ ಎದ್ದು ಒಳಗೆ ಹೋಗಿ ಮೊರ ತಂದಳು. ಅದರಲ್ಲಿ ಒಣಗಿದ ಶೇಂಗಾ ಹೊಟ್ಟು ಹಾಕಿ, ಎಮ್ಮೆಯ ಕಿವಿಯ ಹತ್ತಿರ ಹಿಡಿದು ಮೆಲ್ಲಗೆ ಅಲ್ಲಾಡಿಸಿದಳು. ಚರ್, ಚರ್, ಕರಕರ.

ಎಮ್ಮೆಯ ಕಿವಿ ನೆಟ್ಟಗಾದವು. ಕಣ್ಣು ಅರ್ಧ ಮುಚ್ಚಿತು. ನಾನು ಮೊರ ಹಿಡಿದುಕೊಂಡೆ, ಚಿಗವ್ವ ಬಕೀಟು ಹಿಡಿದು ಕುಳಿತಳು. ಇಪ್ಪತ್ತು ದಿನದಿಂದ ಮುನಿಸಿಕೊಂಡ ಎಮ್ಮೆ ಬಕೀಟಿನ ತುಂಬ ನೊರೆಹಾಲು ಕೊಟ್ಟಿತು. ಕರು ಮಾತ್ರ ದೂರದಿಂದ ನಮ್ಮನ್ನು ಕಳ್ಳರನ್ನು ನೋಡುವಂತೆ ನೋಡುತ್ತಿತ್ತು.

ಹಿಂಡಲು ಚಿಗವ್ವನಿಗೆ ಎರಡೂ ಕೈ ಬೇಕು. ನಾನು ದಿನಾ ಬೈಲಹೊಂಗಲದಿಂದ ಬರಲಾರೆ. ಆದ್ದರಿಂದ ಮೊರ ಕಾಕಾನ ಪಾಲಿಗೆ ಬಂತು. ಎರಡು ದಿನ ಬಿಗುಮಾನದಿಂದ ಸುಮ್ಮನೆ ಅಲ್ಲಾಡಿಸಿದನಂತೆ. ಮೂರನೆಯ ದಿನದಿಂದ ಎಡಗೈಯಲ್ಲಿ ಹೊಟ್ಟಿನ ಮೊರ, ಬಲಗೈಯಲ್ಲಿ ಪೇಪರ್ ಹಿಡಿದು ಮತ್ತೆ ವಾರ್ತೆ ಓದತೊಡಗಿದ. ಚರ್ ಎನ್ನುವ ಸದ್ದಿನ ನಡುವೆ ಅವನ ದನಿ ಕೇಳಿದರೆ ಈಗ ಹಳೆಯ ರೇಡಿಯೋಕ್ಕೂ ಅವನಿಗೂ ವ್ಯತ್ಯಾಸವೇ ತಿಳಿಯುವುದಿಲ್ಲ.

ಅವನನ್ನು ಕಾಡಿದ್ದು ಆ ಅಂಕಿಯವರು. "ಅವರ ಅಡ್ರೆಸ್ ತರಸು, ಒಂದ ಡಬ್ಬಿ ತುಪ್ಪಾ ಕಳಸೋಣು," ಎಂದ. ಕೇಳಿದೆ. "ಬೇಡ, ಎಮ್ಮೆ ಹಾಲು ಕೊಟ್ಟಿತಲ್ಲ, ಸಾಕು," ಎಂದು ಬರೆದು ಅವರು ಮತ್ತೆ ಕಾಣಿಸಲಿಲ್ಲ. ಗಂಡಸೋ ಹೆಂಗಸೋ, ನಮ್ಮ ಸವದತ್ತಿಯವರೋ ಸಮುದ್ರದಾಚೆಯವರೋ ತಿಳಿಯಲಿಲ್ಲ. "ಹೆಸರಿಲ್ಲ, ಊರಿಲ್ಲ. ಬಂದ್ರು, ಉಪಕಾರ ಮಾಡಿದ್ರು, ಹೋದ್ರು," ಎಂದು ಕಾಕಾ ಎಷ್ಟೋ ದಿನ ಹೇಳುತ್ತಲೇ ಇದ್ದ. ಮೂವತ್ತು ವರ್ಷದಲ್ಲಿ ಅವನಿಗೆ ಇಂಥ ಟಪಾಲು ಬಂದಿರಲಿಲ್ಲ. ನನಗೂ ಅದು ಹೊಸದೇ. ಬೀದಿಯಲ್ಲಿ ನಿಂತು ಕೂಗಿದಾಗ ನೂರು ಜನ ನಕ್ಕು ಹೋಗಿ, ಮುಖ ಕಾಣದ ಒಬ್ಬರು ಕತ್ತಲೊಳಗಿಂದ ಬೇಕಾದ ವಸ್ತುವನ್ನೇ ಕೈಗಿಟ್ಟಂತೆ.

ತಿಂಗಳ ನಂತರ ಒಂದು ಭಾನುವಾರ ಮಧ್ಯಾಹ್ನ ನಾನು ಅಲ್ಲೇ ಇದ್ದೆ. ಮೂವತ್ತರ ಆಸುಪಾಸಿನ, ದಪ್ಪ ಮೀಸೆಯವನೊಬ್ಬ ತನ್ನ ತಾಯಿಯನ್ನು ಕರೆದುಕೊಂಡು ಬಾಗಿಲಲ್ಲಿ ನಿಂತ. ಇಬ್ಬರ ಹಣೆಯಲ್ಲೂ ಭಂಡಾರದ ಅರಿಶಿನವಿತ್ತು. ಎಲ್ಲಮ್ಮನ ಗುಡ್ಡಕ್ಕೆ ಬಂದವರು, ಗುಡ್ಡದ ಬುಡದ ಉಗರಗೋಳದಿಂದ ಎರಡು ಬಸ್ಸು ಬದಲಿಸಿ ಬಂದಿದ್ದರು. ಊರು ರಾಮದುರ್ಗ.

"ವಾರ್ತಿ ಎಮ್ಮಿ ಮನಿ ಇದ ಏನ್ರಿ?" ಎಂದ. ಆಮೇಲೆ ತಾಯಿಗೆ ಕೇಳಿಸದಂತೆ ದನಿ ತಗ್ಗಿಸಿ, "ಫೇಕ್ ಅಂತ ಬರದಾಂವ ನಾನ ರೀ," ಎಂದ.

"ಹಾಂ ಹಾಂ, ನಿಮ್ಮ ಪತ್ರ ಮುಟ್ಟಿತ್ರಿ!" ಕಾಕಾ ಎದ್ದು ನಿಂತು ಚಾಪೆ ಕೊಡವಿದ. "ಬರ್ರಿ, ಕುಂದ್ರಿ. ಯವ್ವಾ, ನೀವೂ ಬರ್ರಿ."

ತಾಯಿಯ ಕಿವಿ ಚುರುಕಾಗಿದ್ದವು. "ಏನ ಪತ್ರ? ಏನ ಬರದಿದ್ದ್ಯೋ ಇವರಿಗೆ?"

ಮೀಸೆಯವನ ಮುಖದ ಮೇಲೆ ಬೆವರಿನ ಜೊತೆ ಭಂಡಾರ ಇಳಿಯತೊಡಗಿತು. ನಾನು ಬಾಯಿ ತೆರೆಯುವಷ್ಟರಲ್ಲಿ ಕಾಕಾ ಹೇಳಿದ: "ಎಮ್ಮಿ ಆರಾಮ ಐತಿಲ್ಲೋ ಅಂತ ಕೇಳಿದ್ರ್ಯವ್ವಾ. ಭಾಳ ಕಾಳಜಿ ಮನಷ್ಯಾ."

ಮಗನನ್ನು ಅಷ್ಟು ಹೊಗಳಿದವರು ಆ ತಾಯಿಗೆ ಅದುವರೆಗೆ ಸಿಕ್ಕಿರಲಿಲ್ಲವೇನೋ. ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು. ಸಂಜೆ ಹಿಂಡುವ ಹೊತ್ತಿಗೆ ಮೊರವನ್ನು ತಾನೇ ಕೇಳಿ ಪಡೆದು ಅಲ್ಲಾಡಿಸಿದಳು. ಎಮ್ಮೆ ಹೊಸ ಕೈಯೆಂದು ತಕರಾರು ಮಾಡಲಿಲ್ಲ. ಮೀಸೆಯವನು ಹತ್ತಿರ ಹೋಗಿ ಎಮ್ಮೆಯ ಬೆನ್ನನ್ನು ಒಂದು ಬೆರಳಿನಿಂದ ಒತ್ತಿ ನೋಡಿದ. ಆಮೇಲೆ ಫೋನು ತೆಗೆದ.

"ಅದನ್ನ ಒಳಗಿಡೋ ತಮ್ಮಾ," ಎಂದಳು ಚಿಗವ್ವ. "ಚಾ ಆರತೈತಿ."

ಅವನು ಒಳಗಿಟ್ಟು ಚಹಾ ಕುಡಿದ. ಅದೇ ಎಮ್ಮೆಯ ಹಾಲಿನ ಚಹಾ. ಎರಡು ಕಪ್ಪು ಕುಡಿದ.

ಹೊರಡುವಾಗ ಅವನ ತಾಯಿ ತಮ್ಮ ಮನೆಯ ಎಮ್ಮೆಯೂ ಇತ್ತೀಚೆಗೆ ಒದೆಯುತ್ತಿದೆ ಎಂದು ಹೇಳಿ, ಶೇಂಗಾ ಹೊಟ್ಟು ಒಂದಿಷ್ಟು ಕೊಡುತ್ತೀರಾ ಎಂದಳು. ರಾಮದುರ್ಗದಲ್ಲಿ ಶೇಂಗಾ ಹೊಟ್ಟು ಸಿಗುವುದಿಲ್ಲವೇ ಎಂದು ನಾವ್ಯಾರೂ ಕೇಳಲಿಲ್ಲ. ಚಿಗವ್ವ ಒಂದು ಚೀಲದ ತುಂಬ ತುಂಬಿಕೊಟ್ಟಳು. ಅವರನ್ನು ಬಸ್ಸು ಹತ್ತಿಸಲು ನಾನೂ ಕಾಕಾನೂ ಹೋದೆವು. ಕಂಡಕ್ಟರ್ ಚೀಲ ಮುಟ್ಟಿ ನೋಡಿ, "ಇದರಾಗ ಏನೈತ್ರಿ?" ಎಂದ.

"ಔಷಧ," ಎಂದಳು ಆ ತಾಯಿ, ಮತ್ತು ಚೀಲವನ್ನು ತೊಡೆಯ ಮೇಲೆ ಇಟ್ಟುಕೊಂಡು ಕಿಟಕಿಯ ಬದಿಗೆ ಕುಳಿತಳು.